ಮಾದ ಗಾಯ ಮತ್ತೆ ಬೆಳೆಯತೊಡಗಿದರೆ: ಉಬ್ಬಿದ ಕಲೆಗಳು ಮತ್ತು ಅವುಗಳ ಚಿಕಿತ್ಸೆ

ಕಿವಿಯ ಮೇಲಂಚಿನಲ್ಲಿ ಎರಡನೆಯ, ಮೂರನೆಯ ರಂಧ್ರ ಚುಚ್ಚಿಸಿಕೊಳ್ಳುವುದು ಈಗ ಕಾಲೇಜು ಓದುವ ಮಕ್ಕಳಲ್ಲಿ ಸಾಮಾನ್ಯವಾಗಿದೆ. ಗಾಯ ಒಂದೆರಡು ತಿಂಗಳಲ್ಲಿ ಮಾಯುತ್ತದೆ, ಮನೆಯವರೆಲ್ಲ ಅದನ್ನು ಮರೆಯುತ್ತಾರೆ. ಆರೆಂಟು ತಿಂಗಳಾದ ಮೇಲೆ ಒಂದು ದಿನ ಓಲೆಯ ಹಿಂಬದಿಯಲ್ಲಿ ಕಡಲೆಕಾಳಿನಷ್ಟು ಗಟ್ಟಿ ಉಬ್ಬೊಂದು ಬೆರಳಿಗೆ ಸಿಗುತ್ತದೆ. ಅದು ತುರಿಸುತ್ತದೆ, ಆಗಾಗ ಚುಚ್ಚಿದಂತೆ ನೋಯುತ್ತದೆ, ಹಾಗೆಯೇ ಬಿಟ್ಟರೆ ಕೆಲವರಲ್ಲಿ ಅಡಿಕೆಯ ಗಾತ್ರಕ್ಕೂ ಬೆಳೆಯುತ್ತದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಅದನ್ನು ಕತ್ತರಿಸಿ ತೆಗೆಸಿದರೆ ಸಮಾಧಾನ ಕೆಲವು ತಿಂಗಳಿನದು. ಅದೇ ಜಾಗದಲ್ಲಿ ಅದು ಮತ್ತೆ, ಅನೇಕ ಸಲ ಮೊದಲಿಗಿಂತ ದೊಡ್ಡದಾಗಿ ಎದ್ದು ಬರುತ್ತದೆ.

ಸಿಸೇರಿಯನ್ ಹೊಲಿಗೆಯ ಗುರುತು, ಎದೆಯ ಮೇಲಿನ ಮೊಡವೆ, ಸ್ಟವ್ ಅಥವಾ ಕುದಿನೀರಿನಿಂದಾದ ಸುಟ್ಟಗಾಯ, ಹುಟ್ಟಿದ ಕೂಡಲೆ ಎಡತೋಳಿಗೆ ಕೊಡುವ ಬಿಸಿಜಿ ಲಸಿಕೆಯ ಗುರುತು, ಇವುಗಳಲ್ಲಿ ಯಾವುದೂ ಇದೇ ರೀತಿ ಉಬ್ಬಿಕೊಳ್ಳಬಹುದು. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಆದರೆ ಒಂದೇ ಮದ್ದಿಗೆ ಒಂದೇ ಸಲಕ್ಕೆ ಶರಣಾಗುವ ತೊಂದರೆಯೂ ಅಲ್ಲ. ಯಾವ ಚಿಕಿತ್ಸೆ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ತಿಳಿಯಬೇಕಾದರೆ ಗಾಯ ಮಾಯುವ ಬಗೆಯಿಂದಲೇ ಆರಂಭಿಸಬೇಕು.

ಗಾಯ ಮಾಯುವಾಗ ಒಳಗೆ ನಡೆಯುವುದೇನು

ಚರ್ಮದ ಮೇಲ್ಪದರದ ಕೆಳಗೆ ದಪ್ಪವಾದ ಒಳಪದರವೊಂದಿದೆ. ಅದಕ್ಕೆ ಬಲ ಕೊಡುವುದು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು. ಆರೋಗ್ಯವಂತ ಚರ್ಮದಲ್ಲಿ ಈ ಎಳೆಗಳು ಬಿದಿರಿನ ಬುಟ್ಟಿಯ ಹೆಣಿಗೆಯಂತೆ ಅಡ್ಡಡ್ಡ ಹಾಯ್ದುಕೊಂಡಿರುವುದರಿಂದ ಚರ್ಮ ಎಲ್ಲ ದಿಕ್ಕಿಗೂ ಹಿಗ್ಗಿ ಮತ್ತೆ ತನ್ನ ಸ್ಥಿತಿಗೆ ಬರುತ್ತದೆ.

ಗಾಯವಾದಾಗ ಮೊದಲು ರಕ್ತ ಹೆಪ್ಪುಗಟ್ಟಿ ಸೋರಿಕೆ ನಿಲ್ಲುತ್ತದೆ. ಬಳಿಕ ಕೆಲವು ದಿನ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ. ಉರಿಯೂತ ಎನ್ನುವ ಈ ಹಂತದಲ್ಲಿ ಬಿಳಿ ರಕ್ತಕಣಗಳು ಬಂದು ಕಸ ತೆಗೆಯುತ್ತವೆ. ಆಮೇಲೆ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಗಾಯದ ಅಂಚಿನಿಂದ ಒಳಗೆ ಸರಿದು ಕೊಲಾಜನ್ ಎಳೆಗಳನ್ನು ನೇಯಲು ತೊಡಗುತ್ತವೆ. ಇವನ್ನು ಗಾರೆ ಕೆಲಸದವರೆಂದು ಭಾವಿಸಬಹುದು. ಮೊದಲು ಅವಸರದಲ್ಲಿ ಒಡ್ಡೊಡ್ಡಾಗಿ ಗೋಡೆ ಎತ್ತುತ್ತಾರೆ, ಅನಂತರದ ತಿಂಗಳುಗಳಲ್ಲಿ ಹೆಚ್ಚಾದ ಗಾರೆಯನ್ನು ಕೆರೆದು ಸಮ ಮಾಡುತ್ತಾರೆ. ಕೊನೆಯ ಈ ಹದಗೊಳಿಸುವ ಕೆಲಸವೇ ಎಲ್ಲಕ್ಕಿಂತ ನಿಧಾನವಾದದ್ದು. ಅದು ಒಂದು ವರ್ಷದವರೆಗೂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲವೂ ನಡೆಯುತ್ತದೆ. ಹಕ್ಕಳೆ ಉದುರಿದ ದಿನ ಗಾಯ ಮಾದಿತೆಂದು ನಾವು ತಿಳಿಯುತ್ತೇವೆ, ಆದರೆ ಒಳಗಿನ ಕೆಲಸ ಆಗಷ್ಟೇ ಅರ್ಧಕ್ಕೆ ಬಂದಿರುತ್ತದೆ. ಎಷ್ಟೇ ಚೆನ್ನಾಗಿ ಮಾದರೂ ಕಲೆಯ ಜಾಗಕ್ಕೆ ಮೂಲ ಚರ್ಮದ ಬಲ ಪೂರ್ಣವಾಗಿ ಮರಳುವುದಿಲ್ಲ, ಹೆಚ್ಚೆಂದರೆ ಶೇ. 80ರಷ್ಟು ಬರುತ್ತದೆ.

ಕೆಲಸ ಮುಗಿಯಿತೆಂಬ ಸಂದೇಶ ಫೈಬ್ರೋಬ್ಲಾಸ್ಟ್‌ಗಳಿಗೆ ತಲುಪದಿದ್ದರೆ ತೊಂದರೆ ಶುರುವಾಗುತ್ತದೆ. ಉರಿಯೂತ ಆರದೆ ಸಣ್ಣಗೆ ಉಳಿದುಕೊಳ್ಳುತ್ತದೆ, ಕೊಲಾಜನ್ ನೇಯುವಂತೆ ಪ್ರಚೋದಿಸುವ ರಾಸಾಯನಿಕ ಸಂಕೇತಗಳು ನಿಲ್ಲುವುದಿಲ್ಲ, ಕರಗುವುದಕ್ಕಿಂತ ಹೆಚ್ಚು ಎಳೆ ಸೇರುತ್ತ ಹೋಗುತ್ತದೆ. ಉಬ್ಬಿದ ಕಲೆ ಎಂದರೆ ಇದೇ: ನಿಲ್ಲಬೇಕಾದಾಗ ನಿಲ್ಲದೆ ಹೋದ ದುರಸ್ತಿ.

ಬದುವಿನೊಳಗೆ ಉಳಿದ ಕಲೆ, ಬದು ದಾಟಿದ ಕಲೆ

ಉಬ್ಬಿದ ಕಲೆಗಳಲ್ಲಿ ಎರಡು ಬಗೆ. ಇವೆರಡರ ವ್ಯತ್ಯಾಸ ತಿಳಿಯದೆ ಚಿಕಿತ್ಸೆಯ ಮಾತು ಮುಂದುವರಿಯಲಾರದು.

ಮೊದಲನೆಯದು ಹೈಪರ್‌ಟ್ರೋಫಿಕ್ ಕಲೆ, ಅಂದರೆ ಅತಿಯಾಗಿ ಬೆಳೆದ ಕಲೆ. ಇದು ಗಾಯವಾದ ಒಂದೆರಡು ತಿಂಗಳೊಳಗೆ ಕೆಂಪಗೆ ಉಬ್ಬುತ್ತದೆ, ಆದರೆ ಮೂಲ ಗಾಯ ಎಲ್ಲಿಯವರೆಗೆ ಇತ್ತೋ ಅಲ್ಲಿಗೇ ನಿಲ್ಲುತ್ತದೆ. ಕೆಲವು ತಿಂಗಳು ಬೆಳೆದು, ಆಮೇಲೆ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಸ್ವಲ್ಪ ಸ್ವಲ್ಪವಾಗಿ ತಗ್ಗುವ ಸಾಧ್ಯತೆಯೂ ಇದೆ. ಕೀಲುಗಳ ಮೇಲೆ ಮತ್ತು ಸುಟ್ಟಗಾಯಗಳಲ್ಲಿ ಇದು ಹೆಚ್ಚು.

ಎರಡನೆಯದು ಕೀಲಾಯ್ಡ್. ಇದು ತಡವಾಗಿ, ಗಾಯ ಮಾದು ತಿಂಗಳುಗಳೋ ವರ್ಷಗಳೋ ಆದ ಮೇಲೆ ಕಾಣಿಸಿಕೊಳ್ಳಬಹುದು. ನೆರೆಯ ಹೊಲಕ್ಕೆ ಬದು ದಾಟಿ ಹಬ್ಬುವ ಕಳೆಯಂತೆ ಇದು ಮೂಲ ಗಾಯದ ಅಂಚನ್ನು ದಾಟಿ ಆರೋಗ್ಯವಾಗಿದ್ದ ಚರ್ಮದ ಮೇಲೂ ಚಾಚಿಕೊಳ್ಳುತ್ತದೆ. ತಾನಾಗಿ ಕುಗ್ಗುವುದು ತೀರಾ ಅಪರೂಪ. ಸಾಮಾನ್ಯ ಚರ್ಮಕ್ಕೆ ಹೋಲಿಸಿದರೆ ಇದರೊಳಗೆ ಕೊಲಾಜನ್ ತಯಾರಾಗುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚೆಂದು ವೈದ್ಯಕೀಯ ಬರಹಗಳು ಹೇಳುತ್ತವೆ. ಕೆಲವರಿಗೆ ಗಾಯವಾದ ನೆನಪೇ ಇರುವುದಿಲ್ಲ, ಏಕೆಂದರೆ ಎದೆಯ ನಡುವೆ ಎದ್ದ ಒಂದು ಸಣ್ಣ ಮೊಡವೆಯೂ ಇದಕ್ಕೆ ಸಾಕು.

ಈ ಹೆಸರಿಗೂ ಅದರ ಚಾಚುವ ಗುಣವೇ ಕಾರಣ. 19ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಚರ್ಮವೈದ್ಯ ಜಾನ್ ಲೂಯಿ ಅಲಿಬೇರ್ ಇದನ್ನು ವಿವರಿಸಿ, ಮೊದಲು ಕ್ಯಾನ್ಸರನ್ನು ನೆನಪಿಸುವ ಹೆಸರಿಟ್ಟರು. ಅದರಿಂದ ಗೊಂದಲವಾಗಬಾರದೆಂದು ಆಮೇಲೆ, ಏಡಿಯ ಕೊಂಡಿ ಎಂಬರ್ಥದ ಗ್ರೀಕ್ ಪದದಿಂದ ಈಗಿನ ಹೆಸರನ್ನು ರೂಪಿಸಿದರು. ಎದೆಯ ಮೇಲಿನ ಕೀಲಾಯ್ಡ್ ನೋಡಿದವರಿಗೆ ಆ ಹೋಲಿಕೆ ಎಷ್ಟು ಸರಿಯಾದದ್ದೆಂದು ತಿಳಿದಿರುತ್ತದೆ.

ಉಬ್ಬಿದ್ದೆಲ್ಲವೂ ಕಲೆಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮೂಗುಬೊಟ್ಟಿನ ಪಕ್ಕದಲ್ಲಿ ಏಳುವ, ಮೆತ್ತಗೆ ಕೆಂಪಗಿರುವ, ಮುಟ್ಟಿದರೆ ರಕ್ತ ಒಸರುವ ಗುಳ್ಳೆ ಬಹಳ ಸಲ ಕೀಲಾಯ್ಡ್ ಆಗಿರದೆ ಮಾಯುವ ಹಂತದ ಅಂಗಾಂಶವೇ ಅತಿಯಾಗಿ ಬೆಳೆದದ್ದಾಗಿರುತ್ತದೆ, ಅದರ ಚಿಕಿತ್ಸೆ ಬೇರೆ ಮತ್ತು ಸುಲಭ. ಇದಕ್ಕೆ ವಿರುದ್ಧವಾಗಿ, ಚರ್ಮದ ಒಳಪದರದಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್ ಒಂದು ಕೀಲಾಯ್ಡಿನಂತೆಯೇ ಕಾಣಬಲ್ಲದು. ಗಂಟು ಒಂದೇ ಸಮನೆ ಬೆಳೆಯುತ್ತಿದ್ದರೆ, ಹುಣ್ಣಾದರೆ, ಚಿಕಿತ್ಸೆಗೆ ಸ್ವಲ್ಪವೂ ಬಗ್ಗದಿದ್ದರೆ ವೈದ್ಯರು ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳಿಸುವುದು ಈ ಕಾರಣಕ್ಕೆ.

ಯಾರಿಗೆ ಬರುತ್ತದೆ, ದೇಹದ ಎಲ್ಲಿ ಬರುತ್ತದೆ

ಕೀಲಾಯ್ಡ್ ಹತ್ತರಿಂದ ಮೂವತ್ತರ ವಯಸ್ಸಿನ ನಡುವೆ ಹೆಚ್ಚು. ಬಿಳಿಚರ್ಮದವರಿಗಿಂತ ಕಂದು ಮತ್ತು ಕಪ್ಪು ಚರ್ಮದವರಲ್ಲಿ ಹೆಚ್ಚು. ತಂದೆತಾಯಿಗೆ, ಒಡಹುಟ್ಟಿದವರಿಗೆ ಇದ್ದರೆ ಬರುವ ಸಂಭವ ಇನ್ನೂ ಜಾಸ್ತಿ. ಹರೆಯಕ್ಕೆ ಬರುವಾಗ ಮತ್ತು ಬಸಿರಿನಲ್ಲಿ ಇದ್ದ ಕೀಲಾಯ್ಡ್ ಚುರುಕಾಗಿ ಬೆಳೆಯುವುದುಂಟು.

ಜಾಗದ ಆಯ್ಕೆಯಂತೂ ಕುತೂಹಲಕರವಾಗಿದೆ. ಕಿವಿ, ಎದೆಯ ನಡುಭಾಗ, ಹೆಗಲು, ಬೆನ್ನಿನ ಮೇಲ್ಭಾಗ, ದವಡೆಯಂಚು ಇದರ ಮೆಚ್ಚಿನ ಜಾಗಗಳು. ಅಂಗೈ, ಅಂಗಾಲುಗಳಲ್ಲಿ ಇದು ಇಲ್ಲವೆಂಬಷ್ಟು ವಿರಳ. ಟೋಕಿಯೋದ ನಿಪ್ಪಾನ್ ವೈದ್ಯಕೀಯ ಶಾಲೆಯ ಪ್ಲಾಸ್ಟಿಕ್ ಸರ್ಜನ್ ರೇ ಒಗಾವಾ ಅವರು ಇದನ್ನು ಚರ್ಮದ ಎಳೆತದಿಂದ ವಿವರಿಸಿದ್ದಾರೆ. ಉಸಿರಾಡಿದಾಗ, ತೋಳು ಬೀಸಿದಾಗ ಎದೆ ಮತ್ತು ಹೆಗಲಿನ ಚರ್ಮ ದಿನವಿಡೀ ಎಳೆಯಲ್ಪಡುತ್ತದೆ; ಆ ಎಳೆತವೇ ಮಾಯುತ್ತಿರುವ ಗಾಯವನ್ನು ಮತ್ತೆ ಮತ್ತೆ ಕೆಣಕಿ ಉರಿಯೂತವನ್ನು ಜೀವಂತವಾಗಿಡುತ್ತದೆ. ಎದೆಯ ಮೇಲೆ ಏಡಿಯ ಕೊಂಡಿಯಂತೆ, ಹೆಗಲಿನ ಮೇಲೆ ಚಿಟ್ಟೆಯ ರೆಕ್ಕೆಯಂತೆ, ಮೇಲ್ದೋಳಿನಲ್ಲಿ ಡಂಬೆಲ್ಲಿನಂತೆ ಕೀಲಾಯ್ಡ್ ಆಕಾರ ತಾಳುವುದು ಆಯಾ ಜಾಗದ ಎಳೆತದ ದಿಕ್ಕಿಗೆ ಅನುಗುಣವಾಗಿ ಎಂಬುದನ್ನು ಅವರ ಕೆಲಸ ತೋರಿಸಿದೆ. ಕಿವಿಯ ಹಾಲೆಯಲ್ಲಿ ಅಂಥ ಎಳೆತವಿಲ್ಲ. ಅಲ್ಲಿ ರಂಧ್ರದ ಸೋಂಕು, ಓಲೆಯನ್ನು ಪದೇ ಪದೇ ಹಾಕಿ ತೆಗೆಯುವುದರಿಂದ ಆಗುವ ಸಣ್ಣ ಸಣ್ಣ ಗಾಯಗಳು ಕೆಣಕುವ ಕೆಲಸ ಮಾಡುತ್ತವೆ.

ಹೊರಗಿನಿಂದ ಮಾಡುವ ಚಿಕಿತ್ಸೆ: ಸಿಲಿಕೋನ್ ಮತ್ತು ಒತ್ತಡ

ಉಬ್ಬಿದ ಕಲೆಗೆ ಬಳಸುವ ಚಿಕಿತ್ಸೆಗಳಲ್ಲಿ ಅತ್ಯಂತ ನಿರಪಾಯಕಾರಿಯಾದದ್ದು ಸಿಲಿಕೋನ್ ಹಾಳೆ ಅಥವಾ ಜೆಲ್. 1980ರ ದಶಕದ ಮೊದಲ ವರ್ಷಗಳಿಂದ ಇದರ ಬಳಕೆಯಿದೆ. ಸಿಲಿಕೋನ್ ಒಳಗೆ ಇಳಿದು ಕಲೆಯನ್ನು ಕರಗಿಸುತ್ತದೆ ಎಂದು ಹಲವರು ತಿಳಿದಿದ್ದಾರೆ, ಅದು ಹಾಗಲ್ಲ. ಹೊಸ ಕಲೆಯ ಮೇಲ್ಪದರದಿಂದ ತೇವ ಬೇಗನೆ ಆರಿಹೋಗುತ್ತದೆ. ಆ ಒಣಗುವಿಕೆಯೇ ಕೆಳಗಿನ ಫೈಬ್ರೋಬ್ಲಾಸ್ಟ್‌ಗಳಿಗೆ ಇನ್ನೂ ದುರಸ್ತಿ ಬೇಕೆಂಬ ಸಂಕೇತವಾಗುತ್ತದೆ. ಸಿಲಿಕೋನ್ ತೇವವನ್ನು ಹಿಡಿದಿಟ್ಟು ಆ ಸಂಕೇತವನ್ನು ಸುಮ್ಮನಾಗಿಸುತ್ತದೆ.

ಗಾಯ ಪೂರ್ತಿಯಾಗಿ ಮುಚ್ಚಿದ ಮೇಲೆಯೇ ಇದನ್ನು ಆರಂಭಿಸಬೇಕು, ದಿನಕ್ಕೆ 12 ಗಂಟೆಗೂ ಹೆಚ್ಚು ಹೊತ್ತು, ಕನಿಷ್ಠ ಎರಡು ಮೂರು ತಿಂಗಳು ಬಳಸಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹಾಳೆಯ ಕೆಳಗೆ ಬೆವರು ಕಟ್ಟಿ ಚರ್ಮದ ಮೇಲೆ ಗುಳ್ಳೆ ಏಳುವುದು ಸಹಜ. ಮೊದಲ ದಿನಗಳಲ್ಲಿ ನಾಲ್ಕೈದು ಗಂಟೆಗಳಷ್ಟೇ ಹಚ್ಚಿ ಕ್ರಮೇಣ ಹೆಚ್ಚಿಸುವುದು, ದಿನವೂ ಹಾಳೆಯನ್ನೂ ಚರ್ಮವನ್ನೂ ತೊಳೆದು ಒಣಗಿಸುವುದು ಇದಕ್ಕೆ ಪರಿಹಾರ. ಮುಖ ಮತ್ತು ಕೀಲುಗಳ ಮೇಲೆ ಹಾಳೆ ನಿಲ್ಲದಿರುವುದರಿಂದ ಅಲ್ಲಿ ಜೆಲ್ ಅನುಕೂಲ. ಹೊಸ ಹೊಲಿಗೆಯ ಗುರುತು ಉಬ್ಬದಂತೆ ತಡೆಯುವುದರಲ್ಲಿ ಮತ್ತು ಹೈಪರ್‌ಟ್ರೋಫಿಕ್ ಕಲೆಯನ್ನು ತಗ್ಗಿಸುವುದರಲ್ಲಿ ಸಿಲಿಕೋನಿಗೆ ಸ್ಥಾನವಿದೆ. ಅಡಿಕೆ ಗಾತ್ರದ ಹಳೆಯ ಕೀಲಾಯ್ಡಿನ ಮೇಲೆ ಇದೊಂದನ್ನೇ ಹಚ್ಚಿ ಕಾಯುವುದರಿಂದ ಹೆಚ್ಚಿನ ಫಲವಿಲ್ಲ.

ಒತ್ತಡ ಚಿಕಿತ್ಸೆಯ ತತ್ತ್ವವೂ ಸರಳ. ಕಲೆಯ ಮೇಲೆ ಸದಾ ಹದವಾದ ಒತ್ತಡವಿದ್ದರೆ ಅದಕ್ಕೆ ಹೋಗುವ ರಕ್ತ ಮತ್ತು ಆಮ್ಲಜನಕ ಕಡಿಮೆಯಾಗಿ ಕೊಲಾಜನ್ ತಯಾರಿಕೆ ಕುಗ್ಗುತ್ತದೆ. ಕಿವಿಯ ಕೀಲಾಯ್ಡ್ ತೆಗೆದ ಮೇಲೆ ಧರಿಸುವ ಒತ್ತುವ ಓಲೆ ಇದೇ ತತ್ತ್ವದ್ದು. ನೋಡಲು ಸಾಮಾನ್ಯ ಕ್ಲಿಪ್ ಓಲೆಯಂತಿದ್ದರೂ ಅದನ್ನು ದಿನದ ಹೆಚ್ಚು ಹೊತ್ತು, ತಿಂಗಳುಗಟ್ಟಲೆ ಹಾಕಿಕೊಂಡಿರಬೇಕು. ಒತ್ತಡ ಅತಿಯಾದರೆ ಹಾಲೆಯ ಚರ್ಮವೇ ಹುಣ್ಣಾಗುವುದರಿಂದ ಬಿಗಿಯನ್ನು ವೈದ್ಯರೇ ಹೊಂದಿಸಬೇಕು.

ಗಂಟಿನೊಳಗೆ ಕೊಡುವ ಚುಚ್ಚುಮದ್ದು

ಕೀಲಾಯ್ಡಿಗೆ ಜಗತ್ತಿನಾದ್ಯಂತ ಮೊದಲು ಕೊಡುವ ಚಿಕಿತ್ಸೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನು ಗಂಟಿನೊಳಕ್ಕೇ ಚುಚ್ಚುವುದು. ಸ್ಟೀರಾಯ್ಡ್ ಎಂಬ ಮಾತು ಕೇಳಿದೊಡನೆ ಅನೇಕರು ಹೆದರುತ್ತಾರೆ. ಮಾತ್ರೆಯ ರೂಪದಲ್ಲಿ ದೀರ್ಘಕಾಲ ನುಂಗುವ ಸ್ಟೀರಾಯ್ಡಿಗೂ ಗಂಟಿನೊಳಗೆ ಸ್ವಲ್ಪವೇ ಕೊಡುವ ಸ್ಟೀರಾಯ್ಡಿಗೂ ವ್ಯತ್ಯಾಸವಿದೆ. ಎರಡನೆಯದು ಮುಖ್ಯವಾಗಿ ಕೊಟ್ಟ ಜಾಗದಲ್ಲಿ ಕೆಲಸ ಮಾಡುತ್ತದೆ. ಅದು ಉರಿಯೂತವನ್ನು ಆರಿಸುತ್ತದೆ, ಫೈಬ್ರೋಬ್ಲಾಸ್ಟ್‌ಗಳ ವೃದ್ಧಿಯನ್ನು ತಡೆಯುತ್ತದೆ, ಕೊಲಾಜನ್ ಕರಗುವುದಕ್ಕೆ ಹಾದಿ ಮಾಡಿಕೊಡುತ್ತದೆ.

ಮಿಲಿಲೀಟರಿಗೆ 10ರಿಂದ 40 ಮಿಲಿಗ್ರಾಮ್ ಬಲದ ಔಷಧಿಯನ್ನು ನಾಲ್ಕರಿಂದ ಆರು ವಾರಗಳಿಗೊಮ್ಮೆ ಕೊಡುವುದು ರೂಢಿ. ತುರಿಕೆ ಮತ್ತು ನೋವು ಸಾಮಾನ್ಯವಾಗಿ ಮೊದಲು ಕಡಿಮೆಯಾಗುತ್ತವೆ, ಗಂಟು ಮೆತ್ತಗಾಗುವುದು ಆಮೇಲೆ, ಚಪ್ಪಟೆಯಾಗುವುದು ಕೊನೆಗೆ. ಈ ಕ್ರಮ ಗೊತ್ತಿಲ್ಲದವರು ಎರಡು ಸಲ ಚುಚ್ಚಿಸಿಕೊಂಡು, ಗಾತ್ರ ಇಳಿಯಲಿಲ್ಲವೆಂದು ನಿಲ್ಲಿಸಿಬಿಡುತ್ತಾರೆ. ಫಲ ಕಾಣಲು ಹಲವು ತಿಂಗಳು ಬೇಕಾಗಬಹುದು. ಪ್ರಕಟವಾದ ಅಧ್ಯಯನಗಳಲ್ಲಿ ಶೇ. 50ರಿಂದ 100ರಷ್ಟು ಮಂದಿಗೆ ಸ್ವಲ್ಪವಾದರೂ ಗುಣ ಕಂಡಿದೆ, ಶೇ. 9ರಿಂದ 50ರಷ್ಟು ಮಂದಿಯಲ್ಲಿ ಗಂಟು ಮರಳಿದೆ. ಅಂಕಿಗಳ ನಡುವಿನ ಅಂತರ ಇಷ್ಟು ದೊಡ್ಡದಿರುವುದೇ ಒಬ್ಬರ ಅನುಭವ ಇನ್ನೊಬ್ಬರಿಗೆ ಅನ್ವಯಿಸದು ಎಂಬುದನ್ನು ಹೇಳುತ್ತದೆ.

ನೋವಿನ ವಿಷಯವನ್ನು ಮುಚ್ಚಿಡಬಾರದು. ಕೀಲಾಯ್ಡ್ ಕಲ್ಲಿನಂತೆ ಗಟ್ಟಿಯಾಗಿರುವುದರಿಂದ ಅದರೊಳಗೆ ಔಷಧಿ ತಳ್ಳುವಾಗ ನೋವಾಗುತ್ತದೆ. ಮೊದಲೇ ಮರಗಟ್ಟಿಸುವ ಮುಲಾಮು ಹಚ್ಚುವುದು, ಔಷಧಿಯೊಂದಿಗೆ ಅರಿವಳಿಕೆ ಬೆರೆಸುವುದು, ಗಂಟನ್ನು ಸ್ವಲ್ಪ ಹೊತ್ತು ಶೀತಕ್ಕೆ ಒಡ್ಡಿ ಮೆತ್ತಗಾದ ಮೇಲೆ ಚುಚ್ಚುವುದು, ಇವೆಲ್ಲ ವೈದ್ಯರು ಅನುಸರಿಸುವ ದಾರಿಗಳು. ಇವುಗಳ ಬಗ್ಗೆ ಕೇಳುವುದರಲ್ಲಿ ಸಂಕೋಚ ಬೇಡ, ಏಕೆಂದರೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರಲ್ಲಿ ಅನೇಕರಿಗೆ ಈ ನೋವೇ ಕಾರಣ.

ಅಡ್ಡಪರಿಣಾಮಗಳು ಬಹುತೇಕ ಆ ಜಾಗದಲ್ಲಿಯೇ ಆಗುವಂಥವು: ಚರ್ಮ ತೆಳುವಾಗಿ ಕುಳಿ ಬೀಳಬಹುದು, ಬಣ್ಣ ಮಾಸಿ ಬಿಳಿಚಿಕೊಳ್ಳಬಹುದು, ಸಣ್ಣ ಕೆಂಪು ರಕ್ತನಾಳಗಳು ಮೇಲೆ ಕಾಣಬಹುದು. ಸಕ್ಕರೆ ಕಾಯಿಲೆಯವರಲ್ಲಿ ಕೆಲವು ದಿನ ರಕ್ತದ ಸಕ್ಕರೆ ಏರುವುದುಂಟು, ಕೆಲವು ಮಹಿಳೆಯರಲ್ಲಿ ಮುಟ್ಟಿನ ಕ್ರಮ ತಪ್ಪುವುದುಂಟು. ಈ ಎರಡು ಸಂಗತಿಗಳನ್ನು ಮೊದಲೇ ತಿಳಿದಿದ್ದರೆ ಗಾಬರಿಗೆ ಅವಕಾಶವಿಲ್ಲ.

ಸ್ಟೀರಾಯ್ಡ್ ಒಂದರಿಂದಲೇ ಬಗ್ಗದ ಗಂಟಿಗೆ 5-ಫ್ಲೋರೋಯುರಾಸಿಲ್ ಎಂಬ ಔಷಧಿಯನ್ನು ಅದರೊಂದಿಗೆ ಬೆರೆಸಿ ಕೊಡುತ್ತಾರೆ. ಇದು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಔಷಧಿ. ವೇಗವಾಗಿ ವಿಭಜಿಸುವ ಕೋಶಗಳನ್ನು ತಡೆಯುವುದು ಅದರ ಗುಣ, ಫೈಬ್ರೋಬ್ಲಾಸ್ಟ್‌ಗಳ ಮೇಲೂ ಆ ಗುಣವೇ ಉಪಯೋಗಕ್ಕೆ ಬರುತ್ತದೆ. ಒಂಬತ್ತು ಪಾಲು ಇದು, ಒಂದು ಪಾಲು ಟ್ರಯಾಮ್ಸಿನೊಲೋನ್ ಎಂಬುದು ಹೆಚ್ಚಾಗಿ ಬಳಕೆಯಲ್ಲಿರುವ ಹದ. ಎರಡನ್ನೂ ಸೇರಿಸಿದಾಗ ಸ್ಟೀರಾಯ್ಡಿನ ಪ್ರಮಾಣ ಇಳಿಯುವುದರಿಂದ ಚರ್ಮ ತೆಳುವಾಗುವ ತೊಂದರೆಯೂ ಕಡಿಮೆಯಾಗುತ್ತದೆ. ಚುಚ್ಚಿದ ಜಾಗ ಹುಣ್ಣಾಗುವುದು, ಕಪ್ಪಾಗುವುದು ಇದರ ಅಡ್ಡಪರಿಣಾಮಗಳು. ಬಸುರಿಯರಿಗೂ ಎದೆಹಾಲೂಡಿಸುವ ತಾಯಂದಿರಿಗೂ ಇದನ್ನು ಕೊಡಬಾರದು. ಬ್ಲಿಯೋಮೈಸಿನ್, ವೆರಪಮಿಲ್ ಎಂಬ ಔಷಧಿಗಳನ್ನೂ ಕೆಲವೆಡೆ ಹೀಗೆ ಚುಚ್ಚುತ್ತಾರೆ.

ಸೂಜಿಗೆ ಹೆದರುವ ಮಕ್ಕಳಿಗೆ ಇನ್ನೊಂದು ಮಾರ್ಗವಿದೆ. ಸ್ಟೀರಾಯ್ಡ್ ಲೇಪಿಸಿದ ಅಂಟುಪಟ್ಟಿಯನ್ನು ಕಲೆಯ ಆಕಾರಕ್ಕೆ ಸರಿಯಾಗಿ ಕತ್ತರಿಸಿ ದಿನವೂ ಅಂಟಿಸುವ ಈ ಪದ್ಧತಿ ಜಪಾನಿನಲ್ಲಿ ಬಹಳ ರೂಢಿಯಲ್ಲಿದೆ.

ಶೀತ ಮತ್ತು ಲೇಸರ್

ದ್ರವ ಸಾರಜನಕದ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದನ್ನು ಗಂಟಿನ ಮೇಲೆ ಸಿಂಪಡಿಸಿದಾಗ ಒಳಗಿನ ಕೋಶಗಳೂ ಸಣ್ಣ ರಕ್ತನಾಳಗಳೂ ಹೆಪ್ಪುಗಟ್ಟಿ ಸಾಯುತ್ತವೆ, ಗಂಟು ಕ್ರಮೇಣ ಕುಗ್ಗುತ್ತದೆ. ಸಣ್ಣ, ಹೊಸ ಕೀಲಾಯ್ಡ್‌ಗಳಿಗೆ ಇದು ಒಳ್ಳೆಯದು. ಆದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಶೀತಕ್ಕೆ ಬೇಗ ಬಲಿಯಾಗುವುದರಿಂದ ನಮ್ಮಂಥ ಕಂದು ಚರ್ಮದವರಲ್ಲಿ ಬಿಳಿಯ ಮಚ್ಚೆ ಉಳಿಯುವ ಅಪಾಯ ಹೆಚ್ಚು. ಮುಖದ ಮೇಲೆ ಮಾಡಿಸುವ ಮೊದಲು ಇದನ್ನು ಯೋಚಿಸಬೇಕು. ತಂಪನ್ನು ಸೂಜಿಯ ಮೂಲಕ ಗಂಟಿನ ನಡುವಿಗೇ ಒಯ್ಯುವ ವಿಧಾನದಲ್ಲಿ ಮೇಲ್ಚರ್ಮಕ್ಕೆ ಈ ಹಾನಿ ಕಡಿಮೆ.

ಲೇಸರ್ ಎಂದರೆ ಒಂದೇ ಯಂತ್ರವಲ್ಲ. 585 ಅಥವಾ 595 ನ್ಯಾನೋಮೀಟರ್ ಅಲೆಯ ಪಲ್ಸ್ಡ್ ಡೈ ಲೇಸರ್ ಕಲೆಯ ರಕ್ತನಾಳಗಳನ್ನು ಗುರಿಯಾಗಿಸಿ ಕೆಂಪನ್ನೂ ತುರಿಕೆಯನ್ನೂ ಇಳಿಸುತ್ತದೆ. ಫ್ರಾಕ್ಷನಲ್ ಇಂಗಾಲದ ಡೈಆಕ್ಸೈಡ್ ಲೇಸರ್ ಜರಡಿಯಂತೆ ಸೂಕ್ಷ್ಮ ರಂಧ್ರಗಳನ್ನು ಕೊರೆದು ಬಿಗಿದ ಕಲೆಯನ್ನು ಸಡಿಲಿಸುತ್ತದೆ, ಆ ರಂಧ್ರಗಳ ಮೂಲಕ ಔಷಧಿಯನ್ನು ಒಳಗಿಳಿಸಲೂ ಬರುತ್ತದೆ. ಕೀಲಾಯ್ಡಿನ ಮಟ್ಟಿಗೆ ಲೇಸರ್ ಇತರ ಚಿಕಿತ್ಸೆಗೆ ಜೊತೆಗಾರನೇ ಹೊರತು ಒಂಟಿಯಾಗಿ ನಂಬತಕ್ಕದ್ದಲ್ಲ. ಒಂದೇ ಸಿಟ್ಟಿಂಗಿನಲ್ಲಿ ಕಲೆ ಮಾಯ ಎಂದು ಸಾರುವ ಜಾಹೀರಾತನ್ನು ಓದುವಾಗ ಈ ಮಾತು ನೆನಪಿನಲ್ಲಿರಲಿ.

ಕತ್ತರಿಸಿದರೆ ಏಕೆ ಮತ್ತೆ ಬರುತ್ತದೆ

ಗದ್ದೆಯ ಬದುವಿನ ಗರಿಕೆಯನ್ನು ಮೇಲಿಂದ ಕೊಯ್ದರೆ ಅದು ಇನ್ನಷ್ಟು ಒತ್ತಾಗಿ ಚಿಗುರುತ್ತದೆ. ಕೀಲಾಯ್ಡನ್ನು ಬರೀ ಕತ್ತರಿಸಿ ತೆಗೆದಾಗ ಆಗುವುದೂ ಹೆಚ್ಚುಕಡಿಮೆ ಅದೇ. ಕತ್ತರಿಸುವುದೆಂದರೆ ಹೊಸ ಗಾಯ ಮಾಡುವುದು. ಹಿಂದೊಮ್ಮೆ ಸೂಜಿಯ ಮೊನೆಯಷ್ಟು ಗಾಯಕ್ಕೇ ಅತಿಯಾಗಿ ಸ್ಪಂದಿಸಿದ ಚರ್ಮಕ್ಕೆ ಈಗ ಅದಕ್ಕಿಂತ ದೊಡ್ಡ ಗಾಯವನ್ನು, ಅದೇ ಜಾಗದಲ್ಲಿ, ಹೊಲಿಗೆಯ ಎಳೆತದೊಂದಿಗೆ ಕೊಟ್ಟಂತಾಗುತ್ತದೆ. ಶಸ್ತ್ರಚಿಕಿತ್ಸೆಯೊಂದನ್ನೇ ಮಾಡಿದಾಗ ಶೇ. 45ರಿಂದ 100ರವರೆಗೂ ಕೀಲಾಯ್ಡ್ ಮರಳಿರುವುದು ವರದಿಯಾಗಿದೆ. ಈ ಲೇಖನದಲ್ಲಿ ಒಂದೇ ಒಂದು ಅಂಕಿಯನ್ನು ನೆನಪಿಡುವುದಾದರೆ ಇದನ್ನು ಇಡಬೇಕು.

ಹಾಗೆಂದು ಶಸ್ತ್ರಚಿಕಿತ್ಸೆಯೇ ತಪ್ಪೆಂದಲ್ಲ. ಬುಡ ಸಣ್ಣದಿದ್ದು ತಲೆ ದೊಡ್ಡದಿರುವ ಕಿವಿಯ ಗಂಟನ್ನು ಚುಚ್ಚುಮದ್ದಿನಿಂದಲೇ ಕರಗಿಸಲು ಹೊರಟರೆ ವರ್ಷಗಳೇ ಹಿಡಿಯಬಹುದು, ಅದನ್ನು ತೆಗೆಯುವುದೇ ಸೂಕ್ತ. ಆದರೆ ಶಸ್ತ್ರಚಿಕಿತ್ಸೆಯ ದಿನವೇ ಮುಂದಿನ ಚಿಕಿತ್ಸೆಯೂ ನಿಶ್ಚಯವಾಗಿರಬೇಕು: ಹೊಲಿಗೆಯ ಅಂಚಿಗೆ ಸ್ಟೀರಾಯ್ಡ್, ಬಳಿಕ ತಿಂಗಳಿಗೊಮ್ಮೆ ಕೆಲವು ಚುಚ್ಚುಮದ್ದು, ಗಾಯ ಮಾದ ಮೇಲೆ ಒತ್ತುವ ಓಲೆ ಅಥವಾ ಸಿಲಿಕೋನ್. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ವೈದ್ಯರನ್ನು ಕೇಳಬೇಕಾದ ಪ್ರಶ್ನೆ, ತೆಗೆದ ಮೇಲೆ ಏನು ಮಾಡುತ್ತೀರಿ ಎಂಬುದು. ಹೊಲಿಗೆ ಬಿಚ್ಚಿದ ನಂತರ ಬರುವುದೇ ಬೇಡ ಎಂಬ ಉತ್ತರ ಬಂದರೆ ಇನ್ನೊಬ್ಬ ಚರ್ಮತಜ್ಞರ ಅಥವಾ ಪ್ಲಾಸ್ಟಿಕ್ ಸರ್ಜನ್ನರ ಅಭಿಪ್ರಾಯ ಪಡೆಯುವುದು ಒಳ್ಳೆಯದು.

ಹೈಪರ್‌ಟ್ರೋಫಿಕ್ ಕಲೆಯ ಮಾತು ಬೇರೆ. ಅದಕ್ಕೆ ಎಳೆತವೇ ಮುಖ್ಯ ಕಾರಣವಾಗಿರುವುದರಿಂದ, ಕಲೆಯನ್ನು ಓರೆಕೋರೆಯಾಗಿ ಬಿಡಿಸಿ ಎಳೆತದ ದಿಕ್ಕನ್ನು ಬದಲಿಸಿ ಹೊಲಿದರೆ ಮರಳಿ ಬರುವ ಸಂಭವ ಕಡಿಮೆ. ಆದರೆ ಅದು ತಾನಾಗಿ ತಗ್ಗುವ ಸಾಧ್ಯತೆ ಇರುವುದರಿಂದ ಒಂದು ವರ್ಷವಾದರೂ ಕಾಯುವುದು ವಾಡಿಕೆ.

ಕ್ಯಾನ್ಸರ್ ಇಲ್ಲದಿದ್ದರೂ ವಿಕಿರಣ ಏಕೆ

ಮತ್ತೆ ಮತ್ತೆ ಮರಳುವ ಕೀಲಾಯ್ಡನ್ನು ತೆಗೆದ ಮೇಲೆ ಆ ಜಾಗಕ್ಕೆ ವಿಕಿರಣ ಕೊಡಿಸಲು ಸೂಚಿಸಿದಾಗ ಮನೆಯವರು ಕಂಗಾಲಾಗುವುದು ಸಹಜ. ವಿಕಿರಣದ ಯಂತ್ರಗಳಿರುವುದು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ, ಕಿವಿಯ ಗಂಟಿಗಾಗಿ ಅಲ್ಲಿಯ ಬಾಗಿಲಲ್ಲಿ ನಿಲ್ಲಬೇಕಾದಾಗ ಏನೋ ಮುಚ್ಚಿಡುತ್ತಿದ್ದಾರೆಂಬ ಅನುಮಾನ ಹುಟ್ಟುತ್ತದೆ. ಇಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಹೊಸ ಗಾಯದೊಳಕ್ಕೆ ಫೈಬ್ರೋಬ್ಲಾಸ್ಟ್‌ಗಳು ನುಗ್ಗುವ ಮೊದಲ ದಿನಗಳಲ್ಲಿಯೇ ಅವುಗಳ ವೃದ್ಧಿಯನ್ನು ತಡೆಯುವುದಷ್ಟೇ ಉದ್ದೇಶ. ಹೀಗಾಗಿ ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳೊಳಗೆ ಇದನ್ನು ಆರಂಭಿಸುತ್ತಾರೆ, ಕೆಲವೇ ಕಂತುಗಳಲ್ಲಿ ಮುಗಿಸುತ್ತಾರೆ. ವಿಕಿರಣವನ್ನು ಅಳೆಯುವ ಮಾನ ಗ್ರೇ; ಇಲ್ಲಿ ಒಟ್ಟು ಪ್ರಮಾಣ ಸಾಮಾನ್ಯವಾಗಿ 20 ಗ್ರೇ ಒಳಗಿರುತ್ತದೆ. ಅನೇಕ ಕ್ಯಾನ್ಸರ್‌ಗಳಿಗೆ 60 ಗ್ರೇ ಆಸುಪಾಸು ಕೊಡುವುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ.

ಶಸ್ತ್ರಚಿಕಿತ್ಸೆಯೊಂದಿಗೆ ವಿಕಿರಣ ಸೇರಿದಾಗ ಮರಳಿ ಬರುವ ಪ್ರಮಾಣ ಸುಮಾರು ಐವರಲ್ಲಿ ಒಬ್ಬರಿಗೆ ಇಳಿಯುತ್ತದೆ. ಕಿವಿಯಲ್ಲಿ ಫಲಿತಾಂಶ ಇನ್ನೂ ಉತ್ತಮ, ಎದೆಯಲ್ಲಿ ಅಷ್ಟಿಲ್ಲ. ಮುಂದೆ ಎಂದಾದರೂ ಕ್ಯಾನ್ಸರ್ ಬಂದೀತೆಂಬ ಆತಂಕ ಸೈದ್ಧಾಂತಿಕವಾಗಿ ಇದ್ದೇ ಇದೆ. ಅಂಥ ಪ್ರಕರಣಗಳು ತೀರಾ ಅಪರೂಪವಾದರೂ ಮಕ್ಕಳಿಗೆ, ಬಸುರಿಯರಿಗೆ ಇದನ್ನು ಕೊಡುವುದಿಲ್ಲ. ಥೈರಾಯ್ಡ್ ಗ್ರಂಥಿ ಮತ್ತು ಸ್ತನದ ಆಸುಪಾಸಿನಲ್ಲಿ ವಿಶೇಷ ಎಚ್ಚರ ವಹಿಸುತ್ತಾರೆ.

ಸುಟ್ಟಗಾಯದ ಕಲೆ

ಸುಟ್ಟಗಾಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಕಲೆಯ ಹಣೆಬರಹ ಬಹುಮಟ್ಟಿಗೆ ಮೊದಲ ಮೂರು ವಾರಗಳಲ್ಲಿ ತೀರ್ಮಾನವಾಗುತ್ತದೆ. ಎರಡು ವಾರದೊಳಗೆ ಮಾದ ಸುಟ್ಟಗಾಯ ಉಬ್ಬುವುದು ವಿರಳ. ಮೂರು ವಾರ ದಾಟಿದರೆ ಉಬ್ಬುವ ಸಂಭವ ಬಹಳ ಹೆಚ್ಚು. ಆಳವಾದ ಗಾಯಕ್ಕೆ ಬೇಗನೆ ಬೇರೆಡೆಯ ಚರ್ಮ ತಂದು ಕಸಿ ಮಾಡುವುದು ಮುಖ್ಯವಾಗಿ ಈ ಕಾರಣದಿಂದ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿರುವ ಮಹಾಬೋಧಿ ಕೇಂದ್ರದಂಥ, ಸುಟ್ಟಗಾಯಕ್ಕೆಂದೇ ಮೀಸಲಾದ ವಿಭಾಗಕ್ಕೆ ರೋಗಿಯನ್ನು ಬೇಗ ತಲುಪಿಸುವುದು ಜೀವ ಉಳಿಸುವುದಕ್ಕೆ ಎಷ್ಟು ಅಗತ್ಯವೋ ಮುಂದಿನ ಕಲೆಯ ದೃಷ್ಟಿಯಿಂದಲೂ ಅಷ್ಟೇ ಅಗತ್ಯ.

ಗಾಯ ಮುಚ್ಚಿದ ಮೇಲೆ ಅಳತೆ ತೆಗೆದು ಹೊಲಿಸಿದ ಬಿಗಿಯುಡುಪನ್ನು ದಿನಕ್ಕೆ 23 ಗಂಟೆ, ಆರು ತಿಂಗಳಿಂದ ಒಂದು ವರ್ಷದವರೆಗೆ ಧರಿಸಬೇಕಾಗುತ್ತದೆ. ಎರಡು ಮೂರು ತಿಂಗಳಲ್ಲಿ ಬಟ್ಟೆಯ ಬಿಗಿ ಸಡಿಲಾಗುವುದರಿಂದ ಹೊಸದನ್ನು ಹೊಲಿಸಬೇಕು. ಸೆಕೆಯಲ್ಲಿ ಇದು ಸುಲಭದ ಮಾತಲ್ಲ, ಅದನ್ನು ತೊಟ್ಟು ಶಾಲೆಗೆ ಹೋಗುವ ಮಗುವಿನ ಕಷ್ಟವನ್ನು ಯಾರೂ ಹಗುರವಾಗಿ ಕಾಣಬಾರದು. ಕುತ್ತಿಗೆ, ಮೊಣಕೈ, ಬೆರಳುಗಳ ಮೇಲಿನ ಕಲೆ ಬರೀ ಉಬ್ಬುವುದಿಲ್ಲ, ಕುಗ್ಗುತ್ತ ಕೀಲನ್ನೇ ಮಡಚಿಸಿಬಿಡುತ್ತದೆ. ಇದನ್ನು ತಡೆಯಲು ಪಟ್ಟಿ ಕಟ್ಟಿ ಕೀಲನ್ನು ನೇರವಾಗಿಡುವುದು ಮತ್ತು ದಿನವೂ ವ್ಯಾಯಾಮ ಮಾಡಿಸುವುದು ಉಳಿದೆಲ್ಲ ಚಿಕಿತ್ಸೆಗಳಷ್ಟೇ ಮುಖ್ಯ.

ಮನೆಮದ್ದು ಮತ್ತು ಅಂಗಡಿಯ ಮುಲಾಮು

ಕೊಬ್ಬರಿ ಎಣ್ಣೆ ಹಚ್ಚಿ ಮೃದುವಾಗಿ ತಿಕ್ಕುವುದರಿಂದ ಕಲೆ ಒಣಗುವುದು ತಪ್ಪಿ ತುರಿಕೆ ಕಡಿಮೆಯಾಗುತ್ತದೆ, ಸುಟ್ಟಗಾಯದ ಬಿಗಿದ ಕಲೆ ಸ್ವಲ್ಪ ಸಡಿಲಾಗುತ್ತದೆ, ಕೀಲಾಯ್ಡ್ ಕರಗುವುದಿಲ್ಲ. ಈರುಳ್ಳಿ ಸಾರದ ಜೆಲ್‌ಗಳ ಪರವಾಗಿರುವ ಆಧಾರ ದುರ್ಬಲ. ವಿಟಮಿನ್ ಇ ಎಣ್ಣೆ ಕೆಲವರಲ್ಲಿ ಅಲರ್ಜಿಯ ದದ್ದು ಎಬ್ಬಿಸುತ್ತದೆ.

ಇವು ಹೆಚ್ಚೆಂದರೆ ನಿಷ್ಫಲ. ನಿಜವಾಗಿ ಹಾನಿ ಮಾಡುವುದು ಸುಣ್ಣ ಮತ್ತು ಸೋಡಾ ಬೆರೆಸಿ ಹಚ್ಚುವುದು, ಕೇರುಬೀಜದ ಎಣ್ಣೆಯಿಂದ ಸುಡುವುದು, ಬರೆ ಹಾಕುವುದು, ನರಹುಲಿಗೆ ಮಾಡುವಂತೆ ಬುಡಕ್ಕೆ ಕೂದಲು ಬಿಗಿಯುವುದು. ಇವೆಲ್ಲವೂ ಕೀಲಾಯ್ಡಿನ ಮೇಲೆ ಹೊಸ ಗಾಯ ಮಾಡುತ್ತವೆ, ಹೊಸ ಗಾಯ ಹೊಸ ಕೀಲಾಯ್ಡಿಗೆ ಆಹಾರವಾಗುತ್ತದೆ.

ಮುಂದಿನ ಗಾಯ

ಒಮ್ಮೆ ಕೀಲಾಯ್ಡ್ ಆದವರು ಅನಗತ್ಯ ಗಾಯಗಳನ್ನು, ಅಂದರೆ ಹೊಸ ಕಿವಿಚುಚ್ಚು, ಹಚ್ಚೆ ಮುಂತಾದವನ್ನು ಬಿಡುವುದು ಲೇಸು. ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ಬಿಡಬೇಕಿಲ್ಲ. ಸರ್ಜನ್ನರಿಗೆ ಮೊದಲೇ ತಿಳಿಸಿದರೆ ಅವರು ಚರ್ಮದ ಸಹಜ ಗೆರೆಗಳ ಗುಂಟ ಕೊಯ್ದು, ಎಳೆತ ಒಳಪದರದಲ್ಲೇ ನಿಲ್ಲುವಂತೆ ಹೊಲಿದು, ಮಾದ ಕೂಡಲೆ ಸಿಲಿಕೋನ್ ಆರಂಭಿಸಬಲ್ಲರು. ಎದೆಯ ಮೊಡವೆಯನ್ನು ಚಿವುಟದೆ ಬೇಗ ಚಿಕಿತ್ಸೆ ಮಾಡಿಸುವುದೂ ಇದೇ ಎಚ್ಚರದ ಭಾಗ.

ನಮ್ಮಲ್ಲಿ ಮಗುವಿಗೆ ವರ್ಷ ತುಂಬುವುದರೊಳಗೆ ಕಿವಿ ಚುಚ್ಚಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಹನ್ನೊಂದು ವರ್ಷಕ್ಕೆ ಮೊದಲು ಕಿವಿ ಚುಚ್ಚಿಸಿದವರಿಗಿಂತ ಅನಂತರ ಚುಚ್ಚಿಸಿದವರಲ್ಲಿ ಕೀಲಾಯ್ಡ್ ಹೆಚ್ಚಾಗಿ ಕಂಡಿತ್ತು. ಎಳವೆಯಲ್ಲಿ ಚುಚ್ಚಿಸಿದ ಹಾಲೆಯ ರಂಧ್ರ ಸುಸೂತ್ರವಾಗಿ ಮಾದಿದ್ದವರಿಗೂ ಹದಿನೆಂಟರಲ್ಲಿ ಚುಚ್ಚಿಸಿದ ಮೇಲ್ಕಿವಿಯ ರಂಧ್ರ ಹಾಗೆಯೇ ಮಾಯುತ್ತದೆಂಬ ಭರವಸೆ ಇಲ್ಲ. ಮನೆಯಲ್ಲಿ ಯಾರಿಗಾದರೂ ಕೀಲಾಯ್ಡ್ ಇದ್ದರೆ ಇದನ್ನು ಚುಚ್ಚಿಸುವ ಮೊದಲೇ ಮಕ್ಕಳೊಂದಿಗೆ ಮಾತನಾಡಬೇಕು.

ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ ಎರಡು ವರ್ಷ ಆ ಜಾಗದ ಮೇಲೆ ಕಣ್ಣಿಡಬೇಕು. ದಿನವೂ ಕನ್ನಡಿಯಲ್ಲಿ ನೋಡುವವರಿಗೆ ನಿಧಾನದ ಬೆಳವಣಿಗೆ ತಿಳಿಯುವುದಿಲ್ಲವಾದ್ದರಿಂದ, ಪ್ರತಿ ತಿಂಗಳು ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ಉಪಾಯ. ತುರಿಕೆ ಮರಳಿದರೆ ಅಥವಾ ಅಂಚು ಗಟ್ಟಿಯಾದರೆ ಉಬ್ಬು ಏಳುವವರೆಗೆ ಕಾಯದೆ ಆ ಚಿತ್ರಗಳೊಂದಿಗೆ ವೈದ್ಯರ ಬಳಿಗೆ ಹೋಗಬೇಕು. ಆ ಹಂತದಲ್ಲಿ ಒಂದೆರಡು ಚುಚ್ಚುಮದ್ದೇ ಸಾಕಾಗಬಹುದು.